ಸರೋವರದ ದೈತ್ಯಜೀವಿಯೂ ನೀರೊಳಗಿನ ಕ್ಯಾಮೆರಾವೂ

ಹಾವೇರಿಯಲ್ಲಿ ರೈಲು ಹತ್ತಿ, ಬ್ಯಾಡಗಿಯನ್ನು ದಾಟಿ, ರಾಣೆಬೆನ್ನೂರಿನಲ್ಲಿ ಇಳಿಯುವ ವಿದ್ಯಾರ್ಥಿಯು ತಾನು ಸಾಗಿಬಂದ ದಾರಿಯೆಲ್ಲವೂ ಒಂದೇ ಸರೋವರವಾಗಿದ್ದರೆ ಹೇಗಿದ್ದೀತೆಂದು ಕ್ಷಣಕಾಲ ಕಲ್ಪಿಸಿಕೊಳ್ಳಲಿ. ಆ ಸರೋವರದ ಅಗಲ ಸುಮಾರು ಒಂದೂವರೆ ಕಿಲೋಮೀಟರು. ಆಳವೋ, ದೆಹಲಿಯ ಕುತುಬ್ ಮಿನಾರುಗಳು ಮೂರನ್ನು ಒಂದರ ಮೇಲೊಂದು ನಿಲ್ಲಿಸಿದರೂ ಮುಳುಗಿಹೋಗುವಷ್ಟು. ನೀರಿನ ಬಣ್ಣ ಗಟ್ಟಿ ಚಹದ ಕಷಾಯದಂತೆ. ಸ್ಕಾಟ್ಲೆಂಡಿನ ಲಾಕ್ ನೆಸ್ ಎಂಬ ಸರೋವರದ ಸ್ವರೂಪ ಹೆಚ್ಚುಕಡಿಮೆ ಇಂಥದು. ಇದರಲ್ಲಿ ನೀಳವಾದ ಕುತ್ತಿಗೆಯುಳ್ಳ ದೈತ್ಯಜೀವಿಯೊಂದು ಅಡಗಿದೆಯೆಂಬ ಸುದ್ದಿ 1933ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾದಂದಿನಿಂದ ಅದನ್ನು ಹುಡುಕುವವರ ಸಾಲು ನಿಂತಿಲ್ಲ.

ನೀರಿನಲ್ಲಿ ವಿಚಿತ್ರ ಪ್ರಾಣಿಯನ್ನು ಕಲ್ಪಿಸಿಕೊಳ್ಳುವುದು ನಮಗೆ ಹೊಸತೇನೂ ಅಲ್ಲ. ಚಾಲುಕ್ಯ ಶೈಲಿಯ ಗುಡಿಗಳ ತೋರಣಗಳಲ್ಲಿ ಕಾಣುವ ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ ಎರಡೂ ಉಂಟು. ಆದರೆ ಮಕರದ ಛಾಯಾಚಿತ್ರ ತೆಗೆಯಬೇಕೆಂದು ಯಾರೂ ತುಂಗಭದ್ರೆಗೆ ಕ್ಯಾಮೆರಾ ಇಳಿಸಲಿಲ್ಲ. ಲಾಕ್ ನೆಸ್‌ನಲ್ಲಿ ಅದನ್ನೇ ಮಾಡಿದರು. ಆ ಪ್ರಯತ್ನದಿಂದ ಕಲಿಯತಕ್ಕದ್ದು ಸಾಕಷ್ಟಿದೆ.

1934ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ಪ್ರಸಿದ್ಧ ಚಿತ್ರವು ನೀರಿನ ಮೇಲಿನಿಂದ ತೆಗೆದದ್ದು. ಆಟಿಕೆಯ ಜಲಾಂತರ್ಗಾಮಿಗೆ ಕೃತಕ ತಲೆ ಕುತ್ತಿಗೆಗಳನ್ನು ಜೋಡಿಸಿ ಮಾಡಿದ ಮೋಸ ಅದೆಂದು 1994ರಲ್ಲಿ ಬಯಲಾಯಿತು. ಇಂಥ ಚಿತ್ರಗಳನ್ನು ನಂಬದವರು, ನೀರಿನೊಳಕ್ಕೇ ಕ್ಯಾಮೆರಾ ಇಳಿಸುವುದು ಲೇಸೆಂದು ಬಗೆದರು. 1970ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ರಾಯ್ ಮಾಕಲ್ ಎಂಬ ಜೀವವಿಜ್ಞಾನಿಯು ಅಂಥ ಕ್ಯಾಮೆರಾ ಬೋನುಗಳನ್ನು ಸಿದ್ಧಪಡಿಸಿದನು. ನೀರು ಹೊಗದ ಕೋಶದೊಳಗೆ ಸಾಮಾನ್ಯ ಇನ್‌ಸ್ಟಮಾಟಿಕ್ ಕ್ಯಾಮೆರಾ. ಅದರೊಡನೆ ನಾಲ್ಕು ಬಾರಿ ಮಿಂಚುವ ದೀಪ. ಹೊರಗೆ ಎರೆ ಕಟ್ಟಿದ ದಾರ. ಪ್ರಾಣಿಯು ಎರೆಯನ್ನು ಎಳೆದರೆ ಚಿತ್ರ ತಾನಾಗಿ ಮೂಡಬೇಕು. ಹೀಗೆ ಇಳಿಸಿದ ಆರು ಕ್ಯಾಮೆರಾಗಳಲ್ಲಿ ಮೂರು ಅದೇ ವರ್ಷ ಬಿರುಗಾಳಿಗೆ ಸಿಕ್ಕಿ ಕಳೆದುಹೋದವು.

ಈ ಆರರಲ್ಲಿ ಒಂದು 55 ವರ್ಷಗಳ ತರುವಾಯ ಮತ್ತೆ ದೊರೆಯಿತು! 2025ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಸಾಗರವಿಜ್ಞಾನ ಕೇಂದ್ರದವರು ತಮ್ಮ ಸ್ವಯಂಚಾಲಿತ ಜಲನೌಕೆಯನ್ನು ಅಲ್ಲಿ ಪರೀಕ್ಷಿಸುತ್ತಿದ್ದಾಗ, ಸುಮಾರು 180 ಮೀಟರು ಆಳದಲ್ಲಿದ್ದ ಈ ಬೋನಿನ ಹಗ್ಗ ನೌಕೆಗೆ ಸುತ್ತಿಕೊಂಡಿತು. ಕೋಶದೊಳಗೆ ನೀರು ಇಳಿದಿರಲಿಲ್ಲ. ಫಿಲ್ಮನ್ನು ಸಂಸ್ಕರಿಸಿದಾಗ ಕೆಲವು ಚಿತ್ರಗಳೂ ಮೂಡಿದವು. ಅವುಗಳಲ್ಲಿ ಕಂಡದ್ದು ಕದಡಿದ ಕತ್ತಲೆಯ ನೀರು ಮಾತ್ರ.

ಹಾಗಾದರೆ ಅಲ್ಲಿ ಪ್ರಾಣಿ ಇಲ್ಲವೆಂದು ಸಿದ್ಧವಾಯಿತೆ? ಇಲ್ಲ. ಬರಿಯ ಚಿತ್ರವೊಂದು ಏನನ್ನು ಹೇಳುತ್ತದೆಂಬುದನ್ನು ತಿಳಿಯಬೇಕಾದರೆ ಆ ಕ್ಯಾಮೆರಾ ಎಷ್ಟು ದೂರ ನೋಡಬಲ್ಲದೆಂಬುದನ್ನು ಮೊದಲು ತಿಳಿಯಬೇಕು.

ಒಂದು ಮೀಟರು ನೀರನ್ನು ದಾಟುವಷ್ಟರಲ್ಲಿ ಬೆಳಕು ಅರ್ಧಕ್ಕೆ ಇಳಿಯುತ್ತದೆಂದು ಭಾವಿಸೋಣ. ದೀಪದ ಬೆಳಕು ವಸ್ತುವನ್ನು ಮುಟ್ಟಿ ಮಸೂರಕ್ಕೆ ಮರಳಿ ಬರಬೇಕಾದುದರಿಂದ ದಾರಿ ಇಮ್ಮಡಿ. ವಸ್ತುವು 3 ಮೀಟರು ದೂರದಲ್ಲಿದ್ದರೆ ಬೆಳಕು 6 ಬಾರಿ ಅರ್ಧವಾಗಿ 64ರಲ್ಲಿ ಒಂದು ಪಾಲು ಉಳಿಯುತ್ತದೆ. 5 ಮೀಟರಾದರೆ 1,024ರಲ್ಲಿ ಒಂದು ಪಾಲು. 10 ಮೀಟರಾದರೆ 10 ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ದೂರ ಹೆಚ್ಚಿದಂತೆ ಬೆಳಕು ಹರಡಿ ತೆಳುವಾಗುವುದನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ದೀಪವನ್ನು ಪ್ರಖರಗೊಳಿಸಿದರೆ ಸಾಲದೆ ಎಂದು ಕೇಳಬಹುದು. ಮಂಜು ಕವಿದ ಮುಂಜಾನೆ ಹೆದ್ದಾರಿಯಲ್ಲಿ ಲಾರಿಯ ದೀಪವನ್ನು ಹೆಚ್ಚಿಸಿದರೆ ಮುಂದಿನ ದಾರಿಯ ಬದಲು ಬೆಳ್ಳನೆಯ ಗೋಡೆ ಕಾಣುವುದಷ್ಟೆ? ನೀರಿನಲ್ಲಿ ತೇಲುವ ಕಣಗಳೂ ಹಾಗೆಯೇ ಬೆಳಕನ್ನು ಮಸೂರದತ್ತ ಹಿಂದಕ್ಕೆ ಚೆಲ್ಲುತ್ತವೆ. ಅದಕ್ಕಾಗಿ ದೀಪವನ್ನು ಮಸೂರದಿಂದ ದೂರದಲ್ಲಿ, ಓರೆಯಾಗಿ ಇರಿಸುವುದುಂಟು.

ಬಣ್ಣದ ವಿಚಾರ ಇನ್ನೂ ಸ್ವಾರಸ್ಯಕರವಾದುದು. ಬ್ಯಾಡಗಿಯ ಕೆಂಪು ಮೆಣಸಿನಕಾಯಿಯೊಂದನ್ನು ತಿಳಿಯಾದ ಕಡಲಿನಲ್ಲಿ ಹತ್ತಿಪ್ಪತ್ತು ಮೀಟರು ಆಳಕ್ಕೆ ಒಯ್ದರೆ ಅದು ಕಪ್ಪಾಗಿ ಕಾಣುತ್ತದೆ. ನೀರು ಕೆಂಪು ಬೆಳಕನ್ನು ಮೊದಲು ಹೀರಿಬಿಡುವುದೇ ಇದಕ್ಕೆ ಕಾರಣ. ಲಾಕ್ ನೆಸ್‌ನಲ್ಲಿ ನಡೆಯುವುದು ಬೇರೆ. ಸುತ್ತಲಿನ ಬೆಟ್ಟಗಳಲ್ಲಿ ಅರೆಕೊಳೆತ ಸಸ್ಯಗಳಿಂದಾದ ಪೀಟ್ ಎಂಬ ಮಣ್ಣಿದೆ; ಅದರ ಸಾರ ಕರಗಿದ ನೀರು ನೀಲಿ ಬೆಳಕನ್ನು ನುಂಗಿ ಕಂದುಗೆಂಪನ್ನು ಉಳಿಸುತ್ತದೆ. ನಮ್ಮ ಕೆರೆಗಳಲ್ಲಿ ಕರಗಿದ ಬಣ್ಣಕ್ಕಿಂತ ತೇಲುವ ಜೇಡಿಯದೇ ಕಾಟ.

ಈಗ ಲೆಕ್ಕವನ್ನು ಮುಗಿಸೋಣ. ಕ್ಯಾಮೆರಾದ ನೋಟವು 3 ಮೀಟರು ಉದ್ದದ ಶಂಕುವೆಂದೂ ಅದರ ತುದಿಯ ವೃತ್ತದ ತ್ರಿಜ್ಯ 2 ಮೀಟರೆಂದೂ ಇಟ್ಟುಕೊಂಡರೆ, ಅದರ ಗಾತ್ರ ಸುಮಾರು 12.6 ಘನ ಮೀಟರು. ಆರು ಕ್ಯಾಮೆರಾಗಳಿಗೆ ಸುಮಾರು 75. ಸರೋವರದಲ್ಲಿರುವ ನೀರು ಸುಮಾರು 740 ಕೋಟಿ ಘನ ಮೀಟರು. ಆರೂ ಕ್ಯಾಮೆರಾಗಳು ಒಟ್ಟಿಗೆ ಕಂಡದ್ದು ಸರೋವರದ 10 ಕೋಟಿ ಪಾಲುಗಳಲ್ಲಿ ಒಂದನ್ನು! ಎರೆಯ ಆಸೆಗೆ ಪ್ರಾಣಿ ತಾನಾಗಿ ಬಂದೀತೆಂಬ ಭರವಸೆಯೊಂದೇ ಮಾಕಲ್‌ನ ಬಲವಾಗಿತ್ತು.

ತರುವಾಯ ಅಮೆರಿಕದ ರಾಬರ್ಟ್ ರೈನ್ಸ್ ಎಂಬಾತನು ಶಬ್ದದ ಪ್ರತಿಧ್ವನಿಯಿಂದ ಹುಡುಕುವ ಸೋನಾರನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ಬಳಸಿದನು. ಶಬ್ದವು ನೀರಿನಲ್ಲಿ ಬೆಳಕಿಗಿಂತ ಬಹುದೂರ ಸಾಗುವುದರಿಂದ ಇದು ಜಾಣ್ಮೆಯ ಕ್ರಮವೇ ಸರಿ. 1972ರಲ್ಲಿ ದೊರೆತ ಚಿತ್ರಗಳಲ್ಲಿ ಈಜುರೆಕ್ಕೆಯ ಆಕಾರ ಕಂಡಿತು. ಆದರೆ ಪ್ರಕಟವಾದ ಪ್ರತಿಗಳಲ್ಲಿದ್ದ ಸ್ಪಷ್ಟ ಅಂಚುಗಳು ಮೂಲದ ಮಸುಕಾದ ಚಿತ್ರಗಳಲ್ಲಿ ಇರಲಿಲ್ಲವೆಂದು ಮುಂದೆ ತಿಳಿಯಿತು. 1975ರ ಚಿತ್ರವೊಂದರಲ್ಲಿ ತಲೆಯೇ ಕಂಡಿತೆಂದರು. ಅದೇ ವರ್ಷ ಬ್ರಿಟನ್ನಿನ ಪೀಟರ್ ಸ್ಕಾಟನು ರೈನ್ಸನೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಾಣಿಗೆ ಲ್ಯಾಟಿನ್ ಹೆಸರನ್ನೂ ಇಟ್ಟನು. ಹೆಸರಿದ್ದರೆ ಕಾನೂನಿನ ರಕ್ಷಣೆ ದೊರಕೀತೆಂಬುದು ಉದ್ದೇಶ. 1987ರಲ್ಲಿ ದೋಣಿಗಳ ಸಾಲಿನಿಂದ ಸೋನಾರ್ ಶೋಧನೆ ನಡೆದಾಗ, ಆ ‘ತಲೆ’ಯನ್ನು ಬಹಳವಾಗಿ ಹೋಲುವ ಮರದ ಬೊಡ್ಡೆಯೊಂದು ತಳದಲ್ಲಿ ಸಿಕ್ಕಿತು. ಅಸ್ಪಷ್ಟ ಚಿತ್ರದಲ್ಲಿ ಮನಸ್ಸು ತಾನು ಬಯಸಿದ್ದನ್ನೇ ಬರೆದುಕೊಳ್ಳುತ್ತದೆ. ವಿದ್ಯಾವಂತರ ಮನಸ್ಸೂ ಇದಕ್ಕೆ ಹೊರತಲ್ಲವೆಂಬುದೇ ಇಲ್ಲಿಯ ಬೇಸರದ ಸಂಗತಿ.

ಪ್ರಶ್ನೆಯನ್ನೇ ಬದಲಿಸಿದವರು ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾನಿಲಯದ ನೀಲ್ ಗೆಮೆಲ್ ಮತ್ತು ಸಂಗಡಿಗರು. ನೀರಿನಲ್ಲಿ ಬಾಳುವ ಪ್ರಾಣಿಯು ಚರ್ಮದ ಚೂರು, ಲೋಳೆ, ಮಲಗಳ ಮೂಲಕ ತನ್ನ ಡಿ.ಎನ್.ಎ.ಯನ್ನು ಬಿಟ್ಟೇ ತೀರುತ್ತದೆ. ಪ್ರಾಣಿಯು ಕ್ಯಾಮೆರಾದ ಮುಂದೆ ಬರಬೇಕಾಗಿಲ್ಲ; ಅದರ ಕುರುಹು ಸೀಸೆಯೊಳಕ್ಕೆ ಬಂದರೆ ಸಾಕು. 2018ರಲ್ಲಿ ಅವರು ವಿವಿಧ ಆಳಗಳಿಂದ ಸುಮಾರು 250 ಮಾದರಿಗಳನ್ನು ತೆಗೆದರು. 2019ರಲ್ಲಿ ತಿಳಿಸಿದ ಫಲಿತಾಂಶದಲ್ಲಿ ದಡದಲ್ಲಿ ಬಾಳುವ ಜಿಂಕೆ, ಹಂದಿಗಳ ಕುರುಹು ಸಹ ಇತ್ತು. ಸರೀಸೃಪದ್ದು ಒಂದೂ ಇರಲಿಲ್ಲ. ಹಾವುಮೀನಿನ ಕುರುಹು ಮಾತ್ರ ಹೇರಳವಾಗಿತ್ತು. ಡಿ.ಎನ್.ಎ.ಯಿಂದ ಮೀನಿನ ಜಾತಿ ತಿಳಿಯುವುದೇ ಹೊರತು ಅದರ ಉದ್ದ ತಿಳಿಯದು.

ನಮ್ಮ ಕಡೆಗೆ ಬರೋಣ. ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯು ನೀರುನಾಯಿಗಳ ನದಿ. ಅವುಗಳಿಗಾಗಿ 2015ರಲ್ಲಿ ಅಣೆಕಟ್ಟಿನ ಕೆಳಗಣ ಹರಿವಿನಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ನಾಲ್ಕೈದು ನೀರುನಾಯಿಗಳು ಒಂದರ ಹಿಂದೊಂದು ಮುಳುಗೇಳುತ್ತ ಸಾಗಿದರೆ, ದೂರದ ದಡದಲ್ಲಿ ನಿಂತವನಿಗೆ ಹಲವು ಗೂನುಗಳ ಒಂದೇ ಉದ್ದನೆಯ ಪ್ರಾಣಿಯಂತೆ ತೋರುವುದು ಸಹಜ. ನೋಡಿದವನು ಸುಳ್ಳಾಡಿದನೆನ್ನುವಂತಿಲ್ಲ.

ಇನ್ನು ಕ್ಯಾಮೆರಾದ ದೃಷ್ಟಿ ಹಾವೇರಿಯ ಹೆಗ್ಗೇರಿಯಲ್ಲಿ ಎಷ್ಟು ದೂರ ಹರಿದೀತು? ಇದನ್ನು ಅಂದಾಜು ಮಾಡುವ ಸುಲಭ ಸಾಧನವನ್ನು ಇಟಲಿಯ ಆಂಜೆಲೊ ಸೆಕ್ಕಿ ಎಂಬ ಖಗೋಳಜ್ಞನು 1865ರಲ್ಲಿ ಬಳಕೆಗೆ ತಂದನು. 20 ಸೆಂಟಿಮೀಟರು ಅಡ್ಡಳತೆಯ ತಟ್ಟೆಗೆ ಬಿಳಿಯ ಬಣ್ಣ ಬಳಿದು, ಕೆಳಗೆ ಭಾರ ಕಟ್ಟಿ, ಅಳತೆಯ ಗುರುತುಗಳುಳ್ಳ ಹಗ್ಗದಿಂದ ಇಳಿಸಬೇಕು. ತಟ್ಟೆ ಮರೆಯಾದ ಆಳ, ಮೇಲಕ್ಕೆಳೆದಾಗ ಮತ್ತೆ ಕಂಡ ಆಳ, ಇವೆರಡರ ಸರಾಸರಿಯೇ ನೀರಿನ ಪಾರದರ್ಶಕತೆಯ ಅಳತೆ. ಅಧ್ಯಾಪಕರೊಡನೆ ಹೋಗಿ, ನೀರಿಗಿಳಿಯದೆ, ಭದ್ರವಾದ ಕಟ್ಟೆಯ ಮೇಲಿನಿಂದಲೇ ಇದನ್ನು ಮಾಡತಕ್ಕದ್ದು. ಮಳೆಗಾಲದ ಹೊಸನೀರು ಬಂದಾಗ ಒಮ್ಮೆ, ಮಣ್ಣು ತಳಕ್ಕಿಳಿದ ಮೇಲೆ ಒಮ್ಮೆ, ನಡುಹಗಲಿನ ಒಂದೇ ಹೊತ್ತಿನಲ್ಲಿ ಅಳೆದು ತಾರೀಖಿನೊಡನೆ ಬರೆದಿಟ್ಟರೆ, ಅದೇ ಕೆರೆಗೆ ಮುಂದೆ ಯಾರಾದರೂ ಕ್ಯಾಮೆರಾ ಇಳಿಸುವುದಾದರೆ ದೀಪವನ್ನು ಎಲ್ಲಿಡಬೇಕು, ಎಷ್ಟು ದೂರದ ಚಿತ್ರವನ್ನು ನಂಬಬಹುದು ಎಂಬುದಕ್ಕೆ ಆ ಅಂಕಿಗಳು ಒದಗುತ್ತವೆ.