ಆರ್‌ಸಿಸಿ ಎಂದ ಮಾತ್ರಕ್ಕೆ ಗಟ್ಟಿಯಲ್ಲ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ನಡುಗಿ, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಬಿದ್ದವು. ಸತ್ತವರು ಹತ್ತು ಸಾವಿರದ ಹತ್ತಿರ. ಗಡಿಯ ಈಚೆ ಬಸವಕಲ್ಯಾಣ, ಹುಮನಾಬಾದ್, ಕೊಡಂಬಲದ ಕಡೆ ನನಗೆ ಕೇಳುವ ಮಾತು ಒಂದೇ: 'ಸಿಮೆಂಟಿನ ಛತ್ತು ಐತ್ರಿ, ಚಿಂತಿಲ್ಲ.' ಹಳೆಯ ಕಟ್ಟಡಗಳನ್ನು ಪರೀಕ್ಷಿಸುತ್ತ ನಾನು ಕಲಿತದ್ದು ಬೇರೆ.

1. ಮೊದಲು ಕೆಳ ಅಂತಸ್ತು ನೋಡಿ. ಕೆಳಗೆ ಅಂಗಡಿಗೋ ಗಾಡಿಗೋ ಬಯಲು, ಮೇಲೆ ಗೋಡೆ ತುಂಬಿದ ಮನೆ ಇದ್ದರೆ ಓಲಾಟವೆಲ್ಲ ಕೆಳಗಿನ ಕಾಲಂಗಳಿಗೇ ಬೀಳುತ್ತದೆ. 2001ರ ಭುಜ್ ಭೂಕಂಪದಲ್ಲಿ ಇನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಅಹಮದಾಬಾದಿನಲ್ಲಿ ಇಂಥ ಕಟ್ಟಡಗಳು ಕುಸಿದವು.

2. ಸರಳುಗಳನ್ನು ಸುತ್ತಿ ಹಿಡಿಯುವ ರಿಂಗು ಕಾಣದೆ ತೀರ್ಪು ಕೊಡಬೇಡಿ. ಕಾಲಂ ಬೀಮಿಗೆ ಸೇರುವ ಹತ್ತಿರ ಗಿಲಾವು ಕೆತ್ತಿಸಿ, ಸರಳಿನವರೆಗೆ ಹೋಗಿ. ಹಳೆಯ ಒಂಬತ್ತಿಂಚಿನ ಕಾಲಂಗಳಲ್ಲಿ ರಿಂಗುಗಳು ದೂರ ದೂರ, ಕೊಕ್ಕೆ 90 ಡಿಗ್ರಿಗೆ ಮಡಚಿದ್ದು. ಹೊರಪದರ ಉದುರಿದೊಡನೆ ಅದು ಬಿಚ್ಚಿಕೊಳ್ಳುತ್ತದೆ, ಸರಳು ಡೊಂಕಾಗುತ್ತದೆ, ಕಾಲಂ ಕೂತುಬಿಡುತ್ತದೆ. 135 ಡಿಗ್ರಿ ಕೊಕ್ಕೆಯನ್ನೂ, ಕಾಲಂ ತುದಿಗಳಲ್ಲಿ 100 ಮಿ.ಮೀ. ಮೀರದ ಅಂತರವನ್ನೂ ಕೇಳುವ ಭಾರತೀಯ ಮಾನಕ ಐಎಸ್ 13920 ಬಂದದ್ದೇ 1993ರಲ್ಲಿ.

3. ಕಾಂಕ್ರೀಟಿನ ಗಟ್ಟಿತನ ತೋರಿಸುವ ರಿಬೌಂಡ್ ಹ್ಯಾಮರಿನ ಅಂಕಿಯೊಂದನ್ನೇ ನಂಬಬೇಡಿ. ವರ್ಷಗಟ್ಟಲೆ ಗಾಳಿ ಕುಡಿದ ಕಾಂಕ್ರೀಟಿನ ಮೈ ಬಿರುಸಾಗಿ, ಅಂಕಿ ಹೆಚ್ಚು ಬರುತ್ತದೆ. ಕೊರೆದು ತೆಗೆದ ಕಾಂಕ್ರೀಟ್ ತುಂಡಿನ (ಕೋರ್) ಜೊತೆ ತಾಳೆ ನೋಡಿ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿ. ಗುಲಾಬಿ ಬಣ್ಣ ಬಾರದ ಭಾಗ ಸರಳಿನವರೆಗೆ ಇಳಿದಿದ್ದರೆ ತುಕ್ಕಿಗೆ ದಾರಿಯಾಗಿದೆ.

4. ಬಿರುಕುಗಳನ್ನು ಬೇರ್ಪಡಿಸಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಗೋಡೆಯ ಓರೆ ಬಿರುಕು ಅದರಿಂದಲೂ ಬಂದಿರಬಹುದು. ಕಾಲಂ ಮೇಲೆ ಸರಳಿನ ಗುಂಟ ಎದ್ದ ಸೀಳು ಸಾಮಾನ್ಯವಾಗಿ ತುಕ್ಕಿನದು.

5. ನಕ್ಷೆ ಸಿಗದಿದ್ದರೆ ಕಟ್ಟಿದ ಗೌಂಡಿಯನ್ನು ಹುಡುಕಿ. ಆಮೇಲೆ ಏರಿಸಿದ ಅಂತಸ್ತು, ಒಡೆದ ಗೋಡೆ, ಮೇಲೆ ಕೂರಿಸಿದ ಟ್ಯಾಂಕು ಅವರಿಂದಲೇ ತಿಳಿಯಬೇಕು.

6. ದುರ್ಬಲ ಎಂದರೆ ಕೆಡವಬೇಕೆಂದಲ್ಲ. ಹಳೆಯ ಕಟ್ಟಡಗಳ ಪರೀಕ್ಷೆಗೂ ಬಲಪಡಿಸುವುದಕ್ಕೂ 2013ರ ಐಎಸ್ 15988 ಇದೆ. ಕಾಲಂಗಳಿಗೆ ಜಾಕೆಟಿಂಗ್ ಎಂಬ ಹೊರಕವಚ, ಕೆಳ ಅಂತಸ್ತಿನಲ್ಲಿ ಲೆಕ್ಕ ಹಾಕಿ ನಿಲ್ಲಿಸಿದ ಕಾಂಕ್ರೀಟ್ ಗೋಡೆ ಎಷ್ಟೋ ಕಡೆ ಸಾಕಾಗುತ್ತವೆ.

7. 'ನಮ್ಮಲ್ಲಿ ಭೂಕಂಪ ಎಲ್ಲಿದೆ?' ಎನ್ನುವವರಿಗೆ: 1993ರಲ್ಲಿ ಕಿಲ್ಲಾರಿಯೂ ಭೂಕಂಪ ನಕ್ಷೆಯ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 2021ರ ಅಕ್ಟೋಬರಿನಲ್ಲಿ ಪಕ್ಕದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತೆ ಮತ್ತೆ ಅದುರಿತು. ಪಂಚಾಯಿತಿಯವರು, ಶಾಲೆಯವರು ಮೊದಲು ಮಕ್ಕಳು ಕೂರುವ, ರೋಗಿಗಳು ಮಲಗುವ ಹಳೆಯ ಕಟ್ಟಡಗಳನ್ನು ಪರೀಕ್ಷೆ ಮಾಡಿಸಲಿ.