ನಾಯಿಮರಿಗೆ ನಿಲ್ಲುವ ಪಾಠ

ಕಾರವಾರ, ಅಂಕೋಲೆಗಳ ಕಡಲದಂಡೆಯಲ್ಲಿ ನಾಯಿಗಳಿಗೆ ಬರವಿಲ್ಲ. ಅವು ಓಡುವುದನ್ನೂ ಮೀನಿನ ವಾಸನೆ ಹಿಡಿದು ಸುಳಿಯುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಆದರೆ ನಾಯಿ ನಿಲ್ಲುವ ಬಗೆಯನ್ನು ಲಕ್ಷ್ಯವಿಟ್ಟು ನೋಡಿದವರು ವಿರಳ. ನಿಲ್ಲುವುದೆಂದರೆ ಏನನ್ನೂ ಮಾಡದೆ ಇರುವುದೆಂದು ನಾವು ಬಗೆಯುತ್ತೇವೆ. ವಾಸ್ತವವಾಗಿ ಅದು ಹಲವು ಸ್ನಾಯುಗಳು ಒಟ್ಟುಗೂಡಿ ನಡೆಸುವ ಕೆಲಸ. ಶ್ವಾನಪ್ರದರ್ಶನಗಳಲ್ಲಿ ತೀರ್ಪುಗಾರನು ಮೊದಲು ಪರೀಕ್ಷಿಸುವುದು ಇದನ್ನೇ.

1859ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದಲ್ಲಿ ನಡೆದ ಪ್ರದರ್ಶನದಿಂದ ಈ ಪದ್ಧತಿಯ ವ್ಯವಸ್ಥಿತ ಇತಿಹಾಸವು ಆರಂಭವಾಗುತ್ತದೆ. ಇಂದು ಪ್ರತಿಯೊಂದು ತಳಿಗೂ ಲಿಖಿತ ಲಕ್ಷಣಪಟ್ಟಿಯುಂಟು. ತೀರ್ಪುಗಾರನು ನಾಯಿಯನ್ನು ನಿಲ್ಲಿಸಿ ನೋಡುತ್ತಾನೆ, ಕೈಯಿಂದ ಮುಟ್ಟಿ ಎಲುಬುಗಳನ್ನು ಪರೀಕ್ಷಿಸುತ್ತಾನೆ, ಬಾಯಿ ತೆರೆಸಿ ಹಲ್ಲುಗಳ ಜೋಡಣೆಯನ್ನು ಗಮನಿಸುತ್ತಾನೆ, ಬಳಿಕ ನಡೆಸಿ ಓಡಿಸಿ ನೋಡುತ್ತಾನೆ. ಅವನು ಒಂದು ನಾಯಿಯನ್ನು ಇನ್ನೊಂದರೊಡನೆ ಹೋಲಿಸುವುದಕ್ಕಿಂತ ಹೆಚ್ಚಾಗಿ ಪ್ರತಿಯೊಂದನ್ನೂ ಅದರ ತಳಿಯ ಲಕ್ಷಣಗಳೊಡನೆ ಹೋಲಿಸುತ್ತಾನೆ.

ನಮ್ಮ ನಾಡಿನ ಹೆಮ್ಮೆಯ ತಳಿಯೆಂದರೆ ಮುಧೋಳದ ಬೇಟೆನಾಯಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ದೇಶೀಯ ತಳಿಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳದ ನಾಯಿಗೂ ಸ್ಥಾನ ದೊರೆಯಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಈ ತಳಿಯ ಸಂರಕ್ಷಣೆಗಾಗಿ ಸಂಶೋಧನಾ ಕೇಂದ್ರವೊಂದಿದೆ. ಉದ್ದ ಕಾಲು, ಆಳವಾದ ಎದೆ, ಒಳಸರಿದ ಹೊಟ್ಟೆ ಇವು ಓಟಕ್ಕೆ ಒದಗಿದ ಅಂಗರಚನೆಗಳು. ನಾಯಿಯು ಕೂನಿಕೊಂಡು ನಿಂತರೆ ಅಥವಾ ಮುದುಡಿಕೊಂಡರೆ ಇವು ಯಾವುವೂ ಕಾಣಿಸಲಾರವು.

ಹಾಗಾದರೆ ಸರಿಯಾದ ನಿಲುವು ಯಾವುದು? ನಾಯಿಯು ತನ್ನ ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಿಸಿದ ಮೊಣಕಾಲಿನಂತೆ ತೋರುವ ಕೀಲು ನಿಜವಾಗಿ ಅದರ ಹಿಮ್ಮಡಿ. ಬಹುತೇಕ ತಳಿಗಳಲ್ಲಿ ಆ ಹಿಮ್ಮಡಿಯಿಂದ ನೆಲದವರೆಗಿನ ಭಾಗವು ಲಂಬವಾಗಿರಬೇಕು. ಒಂದು ಹಿಂಗಾಲನ್ನು ಮುಂದಿರಿಸಿ ನಿಲ್ಲಿಸುವ ಜರ್ಮನ್ ಶೆಫರ್ಡ್ ಇದಕ್ಕೆ ಅಪವಾದ. ಇನ್ನು ಮುಂಗಾಲುಗಳು. ನಮ್ಮ ಹೆಗಲನ್ನು ಎದೆಗೂಡಿಗೆ ಬಂಧಿಸುವ ಕಾಲರ್ ಎಲುಬು ನಾಯಿಯಲ್ಲಿ ಇಲ್ಲವೆನ್ನುವಷ್ಟು ಕ್ಷೀಣವಾಗಿದೆ. ಅದರ ಎದೆಗೂಡು ಎರಡು ಹೆಗಲೆಲುಬುಗಳ ನಡುವೆ ಸ್ನಾಯುಗಳ ತೊಟ್ಟಿಲಿನಲ್ಲಿ ತೂಗಿಕೊಂಡಿರುತ್ತದೆ. ತಲೆ, ಕೊರಳು, ಎದೆಗಳು ಮುಂದಿರುವುದರಿಂದ ದೇಹಭಾರದ ಸುಮಾರು ನೂರಕ್ಕೆ 60 ಪಾಲು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಹಿಂಗಾಲುಗಳನ್ನು ಅತಿಯಾಗಿ ಹಿಂದಕ್ಕೆಳೆದರೆ ಬೆನ್ನು ಇಳಿಜಾರಾಗುತ್ತದೆ. ಹೊಟ್ಟೆಯಡಿಗೆ ತಳ್ಳಿದರೆ ಬೆನ್ನು ಬಾಗಿ ಮೇಲೇಳುತ್ತದೆ.

ಈ ಸಂಗತಿಯನ್ನು ಪರೀಕ್ಷಿಸಲು ಕರಾವಳಿಯ ವಿದ್ಯಾರ್ಥಿಗಳಿಗೆ ಅನುಕೂಲವಾದ ಪ್ರಯೋಗಶಾಲೆಯಿದೆ. ಇಳಿತದ ವೇಳೆಯಲ್ಲಿ ಅಲೆಗಳು ಹಿಂದೆ ಸರಿದಾಗ ಉಳಿಯುವ ಗಟ್ಟಿಯಾದ ಹಸಿಮರಳಿನ ಮೇಲೆ ನಾಯಿಯನ್ನು ನಿಲ್ಲಿಸಿ, ಮೆಲ್ಲನೆ ಮುಂದಕ್ಕೆ ನಡೆಸಿರಿ. ಅದು ನಿಂತಿದ್ದ ಸ್ಥಳದ ನಾಲ್ಕು ಹೆಜ್ಜೆಗುರುತುಗಳನ್ನು ಕೋಲಿನಿಂದ ಗೆರೆಯೆಳೆದು ಜೋಡಿಸಿರಿ. ಮುಂದಿನ ಎರಡು ಗುರುತುಗಳನ್ನು ಸೇರಿಸುವ ಗೆರೆಯು ದೇಹದ ಉದ್ದಕ್ಕೆ ಅಡ್ಡಲಾಗಿ, ನೇರವಾಗಿರಬೇಕು. ಅದು ಓರೆಯಾಗಿದ್ದರೆ ಒಂದು ಕಾಲು ಮುಂದೆ ಹೋಗಿದೆ ಎಂದರ್ಥ. ಹಿಂದಿನ ಗುರುತುಗಳೇ ಹೆಚ್ಚು ಆಳವಾಗಿದ್ದರೆ ನಾಯಿಯು ಅಂಜಿ ಹಿಂದಕ್ಕೆ ವಾಲಿತ್ತೆಂದು ಊಹಿಸಬಹುದು. ಮೇಲ್ದಂಡೆಯ ಸಡಿಲ ಮರಳು ಈ ಕೆಲಸಕ್ಕೆ ಬಾರದು. ಅಲ್ಲಿ ಪಾದಗಳು ಹೂತುಹೋಗುತ್ತವೆ. ಮನೆಯೊಳಗೆ ನುಣುಪಾದ ನೆಲವಿದ್ದರೆ ಚಾಪೆಯನ್ನೋ ಗೋಣಿತಾಟನ್ನೋ ಹಾಸಬೇಕು. ಕಾಲು ಜಾರಿದ ಮರಿಯು ನಿಲ್ಲುವುದನ್ನೇ ಅಪಾಯವೆಂದು ಕಲಿತುಬಿಡಬಹುದು.

ಕಲಿಸುವ ಕ್ರಮಕ್ಕೆ ಮನೋವಿಜ್ಞಾನದ ಆಧಾರವಿದೆ. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪೆಟ್ಟಿಗೆಯೊಳಗಿನ ಬೆಕ್ಕುಗಳು ಹೊರಬರುವ ಉಪಾಯವನ್ನು ಸತತ ಪ್ರಯತ್ನದಿಂದ ಕಲಿತವು. ಹಿತವಾದ ಫಲವನ್ನು ಕೊಟ್ಟ ವರ್ತನೆಯು ಮರುಕಳಿಸುತ್ತದೆ ಎಂಬುದೇ ಅವನು ಕಂಡುಕೊಂಡ ತತ್ತ್ವ. ಇದರಿಂದ ಎರಡು ನಿಯಮಗಳು ಹುಟ್ಟುತ್ತವೆ. ಬಹುಮಾನವು ತತ್‌ಕ್ಷಣವೇ ದೊರೆಯಬೇಕು. ಮರಿಯು ನಿಂತಿರುವಾಗಲೇ ದೊರೆಯಬೇಕು. ಅದು ಕುಳಿತ ಮೇಲೆ ತಿಂಡಿ ಕೊಟ್ಟರೆ ನಾವು ಕಲಿಸಿದ್ದು ಕೂರುವುದನ್ನು.

ತಿಂಡಿಯ ತುಣುಕನ್ನು ಮರಿಯ ಮೂಗಿನ ಮಟ್ಟದಲ್ಲಿ ಹಿಡಿದು ನೇರವಾಗಿ ಮುಂದಕ್ಕೆ ಸರಿಸಬೇಕು. ಕೈ ಮೇಲೇರಿದರೆ ಮರಿಯು ಕೂರುತ್ತದೆ, ಕೆಳಗಿಳಿದರೆ ಮಲಗುತ್ತದೆ. ಅದು ಎದ್ದು ನಿಂತ ಕೂಡಲೇ 'ನಿಲ್ಲು' ಎಂದು ಹೇಳಿ ತಿಂಡಿ ಕೊಡಬೇಕು. ಮೊದಲು 2 ಸೆಕೆಂಡು ನಿಂತರೆ ಸಾಕು. ಬಳಿಕ 5, 10 ಎಂದು ಬೆಳೆಸಬಹುದು. ಒಂದು ಪಾಠವು 2–3 ನಿಮಿಷಗಳನ್ನು ಮೀರಬಾರದು. ಕಾಲನ್ನು ಸರಿಪಡಿಸಬೇಕಾದಾಗ ಪಾದವನ್ನು ಹಿಡಿದೆಳೆಯದೆ, ಮುಂಗಾಲನ್ನು ಮೊಣಕೈಯ ಬಳಿ, ಹಿಂಗಾಲನ್ನು ಹಿಮ್ಮಡಿಯ ಮೇಲ್ಭಾಗದಲ್ಲಿ ಹಿಡಿದು ಎತ್ತಿರಿಸಬೇಕು. ಮೊಣಕೈಯನ್ನು ತಿರುಗಿಸಿದರೆ ಇಡೀ ಕಾಲು ಅದರೊಡನೆ ತಿರುಗುತ್ತದೆ. ಬೆನ್ನನ್ನು ಒತ್ತುವುದು ನಿಷ್ಫಲ. ಒತ್ತಿದ ಕಡೆಗೆ ಎದುರೊತ್ತುವುದು ಪ್ರಾಣಿಯ ಸ್ವಭಾವ.

ಕರಾವಳಿಯಲ್ಲಿ ಈ ಪಾಠಕ್ಕೆ ಮುಂಜಾನೆಯೇ ಪ್ರಶಸ್ತ. ನಾಯಿಯು ಮುಖ್ಯವಾಗಿ ತೇಕುವುದರಿಂದ, ಅಂದರೆ ನಾಲಿಗೆ ಮತ್ತು ಉಸಿರಿನ ದಾರಿಯ ತೇವವು ಆವಿಯಾಗುವುದರಿಂದ ದೇಹವನ್ನು ತಂಪಾಗಿಸಿಕೊಳ್ಳುತ್ತದೆ. ಕಡಲ ಬದಿಯ ತೇವಗಾಳಿಯಲ್ಲಿ ಆವಿಯಾಗುವ ಕ್ರಿಯೆಯು ಮಂದವಾದುದರಿಂದ ಬಯಲುಸೀಮೆಯ ಒಣಹವೆಯಲ್ಲಿ ಆಗುವಷ್ಟು ಬೇಗ ಅದು ತಂಪಾಗಲಾರದು.

ಇನ್ನುಳಿದುದು ಪರರ ಸ್ಪರ್ಶ. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಮಾರು 3ರಿಂದ 12 ವಾರಗಳ ವಯಸ್ಸು ನಾಯಿಮರಿಯು ಮನುಷ್ಯರೊಡನೆ ಸಖ್ಯ ಬೆಳೆಸುವ ಮಹತ್ವದ ಕಾಲವೆಂದು ತೋರಿಸಿದರು. ಆದುದರಿಂದ ಎಳೆವೆಯಲ್ಲಿಯೇ ಮೊದಲು ಮನೆಯವರು, ಬಳಿಕ ಪರಿಚಿತರು, ಕೊನೆಗೆ ಅಪರಿಚಿತರು ಅದರ ಕಿವಿ, ಬೆನ್ನು, ಪಾದಗಳನ್ನು ಮೃದುವಾಗಿ ಮುಟ್ಟಬೇಕು. ಸುಮಾರು 4ರಿಂದ 6 ತಿಂಗಳವರೆಗೆ ಹಾಲುಹಲ್ಲುಗಳು ಉದುರಿ ಹೊಸ ಹಲ್ಲುಗಳು ಮೂಡುವಾಗ ಒಸಡು ನೋಯುತ್ತದೆ. ಆ ದಿನಗಳಲ್ಲಿ ಬಾಯಿಯನ್ನು ಪದೇಪದೇ ತೆರೆಸಬಾರದು.

ಹೊಡೆದು, ಪಟ್ಟಿಯನ್ನು ಜಗ್ಗಿ ನಿಲ್ಲಿಸಿದ ನಾಯಿಯೂ ನಿಂತೀತು. ಆದರೆ ಅದರ ಬಾಲವು ಕಾಲ್ಗಳ ನಡುವೆ ಸೇರಿರುತ್ತದೆ, ಕಿವಿಗಳು ಹಿಂದಕ್ಕೆ ಒರಗಿರುತ್ತವೆ. ಹೆದರಿದ ನಾಯಿಯು ಪರರ ಕೈಯನ್ನು ಕಚ್ಚಬಹುದು; ಒಮ್ಮೆ ಕಚ್ಚಿದ ನಾಯಿಯನ್ನು ಮನೆಯಿಂದ ಹೊರಗಟ್ಟುವವರೂ ಉಂಟು. ಆಗ ತಪ್ಪು ಯಾರದ್ದು, ಶಿಕ್ಷೆ ಯಾರಿಗೆ ಎಂಬುದನ್ನು ಓದುಗರೇ ಆಲೋಚಿಸಲಿ.

ನಿಲುವಿನ ಶಿಕ್ಷಣವು ದೋಷವುಳ್ಳ ಎಲುಬನ್ನು ಸರಿಪಡಿಸಲಾರದು. ಇದ್ದುದನ್ನು ಇದ್ದಂತೆ ಕಾಣಿಸುವುದಷ್ಟೇ ಅದರ ಕೆಲಸ. ಪ್ರದರ್ಶನದ ಆಸೆಗೆ ಮುಖವನ್ನು ಅತಿಯಾಗಿ ಚಪ್ಪಟೆಯಾಗಿಸಿದ ಬುಲ್‌ಡಾಗ್‌ನಂಥ ತಳಿಗಳು ಉಸಿರಾಟಕ್ಕೇ ಕಷ್ಟಪಡುತ್ತಿವೆ. ಓಟಕ್ಕೆಂದು ಬೆಳೆದ ನಮ್ಮ ಮುಧೋಳದ ನಾಯಿಗೆ ಅಂಥ ಗತಿ ಬಾರದಿರಬೇಕಾದರೆ ನಿಲುವಿನ ಅಂದದೊಡನೆ ಓಟದ ಶಕ್ತಿಯನ್ನೂ ಅಳೆಯತಕ್ಕದ್ದು.

ಪದಕಕ್ಕೆ ವಂಶಾವಳಿ ಬೇಕು, ಪಾಠಕ್ಕೆ ಬೇಡ. ಅಂಕೋಲೆಯ ಬೀದಿಯಲ್ಲಿ ಹುಟ್ಟಿದ ಮರಿಯೂ ಈ ವಿದ್ಯೆಯನ್ನು ಕಲಿಯಬಲ್ಲದು. ಹಾಗೆ ಕಲಿತ ನಾಯಿಯು ಪಶುವೈದ್ಯರ ಮುಂದೆ ಅಂಜದೆ ನಿಂತು ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿಕೊಳ್ಳುತ್ತದೆ. ಅದರಿಂದ ನಾಯಿಗೂ ರಕ್ಷಣೆ, ಮನೆಯ ಮಕ್ಕಳಿಗೂ ರಕ್ಷಣೆ.