ಮನೆಯಲ್ಲೇ ಬಿಚ್ಚಿ ಜೋಡಿಸಿದ ಕ್ಲಚ್: ಮೂಟೆ ಹೇರುವ ಮುನ್ನ

ಗುಬ್ಬಿ, ಕುಣಿಗಲ್ ಕಡೆಯ ತೋಟಗಳಿಂದ ಅಡಿಕೆ ಮೂಟೆ ಹೇರಿಕೊಂಡು ತುಮಕೂರಿಗೆ ಬರಲು ಅನೇಕ ಬೆಳೆಗಾರರಿಗೆ ಮೋಟಾರ್ ಸೈಕಲ್ಲೇ ಆಧಾರ. ಕ್ಲಚ್ ಪ್ಲೇಟನ್ನು ಮನೆಯಲ್ಲೇ ಬದಲಾಯಿಸಿದವರು ಬರಿಗಾಡಿಯಲ್ಲಿ ಮೊದಲು ಪರೀಕ್ಷಿಸತಕ್ಕದ್ದು.

ಇಂಜಿನ್ ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಹಿಡಿಯ ಬುಡದಲ್ಲಿ ಸುಮಾರು 2ರಿಂದ 3 ಮಿಲಿಮೀಟರ್ ಸಡಿಲ ಇದೆಯೇ ನೋಡಿರಿ. ಕೇಬಲ್ ಬಿಗಿಯಾಗಿದ್ದರೆ ಪ್ಲೇಟುಗಳು ಪೂರ್ತಿ ಕೂಡುವುದಿಲ್ಲ. ಅದು ಸರಿಯಿದ್ದರೆ ಸ್ಪ್ರಿಂಗುಗಳನ್ನೂ ಆಯಿಲನ್ನೂ ಶಂಕಿಸಬೇಕು. ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಕೆಲವು ಕಾರಿನ ಆಯಿಲುಗಳು ಆಗಿಬರುವುದಿಲ್ಲ. ಅವುಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಬೆರೆತಿರುತ್ತದೆ. ಹೊಸ ಪ್ಲೇಟನ್ನು ಒಣಗಿದ್ದಂತೆಯೇ ಕೂರಿಸಿದರೆ ಬೇಗ ಸುಡುತ್ತದೆ. ಹಿಂದಿನ ರಾತ್ರಿಯೇ ಆಯಿಲಿನಲ್ಲಿ ನೆನೆಹಾಕುವುದು ಉತ್ತಮ.

ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ಎಳೆದರೆ, ನ್ಯೂಟ್ರಲ್ ಸಿಗದಿದ್ದರೆ, ಕ್ಲಚ್ ಬಿಡುತ್ತಿಲ್ಲವೆಂದು ಅರ್ಥ. ಇದು ಹೆಚ್ಚು ಅಪಾಯ: ಹೇರು ಇದ್ದಾಗ ಗಾಡಿ ನುಗ್ಗಿ ಸವಾರನನ್ನು ಕೆಡವೀತು. ಕೇಬಲ್ ಅತಿ ಸಡಿಲವೇ, ಪ್ಲೇಟುಗಳ ಸರದಿ ತಪ್ಪಿದೆಯೇ, ಸ್ಪ್ರಿಂಗ್ ಬೋಲ್ಟುಗಳು ಒಂದೇ ಸಮ ಬಿಗಿದಿವೆಯೇ ನೋಡಿರಿ. ತಳ್ಳುಕಡ್ಡಿಯ ಜೊತೆಗಿನ ಉಕ್ಕಿನ ಗುಂಡು ಬಿಚ್ಚುವಾಗ ಉರುಳಿಹೋಗಿ, ಅದಿಲ್ಲದೆಯೇ ಮುಚ್ಚಳ ಹಾಕಿರುವುದೂ ಉಂಟು.

ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಇನ್ನೂ ಓಡಿಸುವವರಿಗೆ ಒಂದು ಮಾತು. ಇವುಗಳಲ್ಲಿ ಗೇರ್ ಕಡ್ಡಿ ಒತ್ತಿದರೂ ಕ್ಲಚ್ ಬಿಡುತ್ತದೆ. ಆದ್ದರಿಂದ ಕೇಬಲ್ ಒಂದನ್ನೇ ತಿರುಗಿಸುತ್ತ ಕೂರದೆ, ಗೇರ್ ಕಡ್ಡಿ ಪೂರ್ತಿ ಹಿಂದಿರುಗುತ್ತದೆಯೇ ಎಂಬುದನ್ನೂ ಗಮನಿಸಿರಿ.

ಉಕ್ಕಿನ ಪ್ಲೇಟು ನೀಲಿಗಟ್ಟಿ ಸೊಟ್ಟಗಾಗಿದ್ದರೆ ಯಾವ ಹೊಂದಾಣಿಕೆಯೂ ಸಾಲದು. ಬದಲಾಯಿಸಿಯೇ ಮೂಟೆ ಹೇರಿರಿ.